ಮನೆಯ ನಾಯಿಗಳು ಕಚ್ಚಾಡುತ್ತಿದ್ದರೆ ಬಾಯಿಗೆ ಕುಕ್ಕೆ ಹಾಕಿದರೆ ಸಾಕೇ?

ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಲ್ಲಿ ಎಡೆ ಹೊಡೆಯುವಾಗ ಎಳೆ ಪೈರಿಗೆ ಬಾಯಿ ಹಾಕದಿರಲಿ ಎಂದು ಎತ್ತಿಗೆ ಕುಕ್ಕೆ ಕಟ್ಟುವುದುಂಟು. ಅದನ್ನು ಯಾರೂ ಶಿಕ್ಷೆ ಎನ್ನುವುದಿಲ್ಲ. ಕೆಲಸ ಮುಗಿದ ಕೂಡಲೇ ಬಿಚ್ಚುತ್ತಾರೆ. ಅದೇ ಕುಕ್ಕೆ ನಾಯಿಗೆ ಎಂದಾಗ ಮಾತ್ರ ಎರಡು ಮಾತು ಕೇಳಿಬರುತ್ತವೆ. 'ಬಾಯಿ ಕಟ್ಟಿದರೆ ನಾಯಿ ಇನ್ನಷ್ಟು ರೊಚ್ಚಿಗೇಳುತ್ತದೆ' ಎನ್ನುವವರು ಕೆಲವರು, 'ಒಂದು ಮಜಲ್ ಹಾಕಿಬಿಡಿ, ಜಗಳ ಮುಗಿಯಿತು' ಎನ್ನುವವರು ಕೆಲವರು. ಎರಡರಲ್ಲೂ ಇರುವುದು ಅರ್ಧ ಸತ್ಯ.

ಕುರಿ ಹಿಂಡಿನ ಜೊತೆ, ಗಂಗಾವತಿಯ ರೈಸ್ ಮಿಲ್ಲಿನ ಅಂಗಳದಲ್ಲಿ, ಕೊಪ್ಪಳದ ಬಡಾವಣೆಯ ಮನೆಗಳಲ್ಲಿ ಎರಡು-ಮೂರು ನಾಯಿಗಳನ್ನು ಒಟ್ಟಿಗೆ ಸಾಕುವುದು ಹೊಸತಲ್ಲ. ಒಂದೇ ಗೋಣಿಚೀಲದ ಮೇಲೆ ಮಲಗಿ ಬೆಳೆದವೇ ಒಂದು ದಿನ ಪರಸ್ಪರ ಕುತ್ತಿಗೆಗೆ ಬಾಯಿ ಹಾಕುತ್ತವೆ. ಆಗ ಸಿಗುವ ಸಲಹೆ: 'ಬಿಡಿ, ಯಾರು ದೊಡ್ಡವರೆಂದು ಅವೇ ತೀರ್ಮಾನಿಸಿಕೊಳ್ಳಲಿ.'

ಈ ಸಲಹೆಯ ಹಿಂದೆ ಒಂದು ಹಳೆಯ ನಂಬಿಕೆ ಇದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಯಜಮಾನಿಕೆಗಾಗಿ ಹೊಡೆದಾಡುತ್ತವೆ ಎಂದು ಬರೆದರು. 1970ರಲ್ಲಿ ಡೇವಿಡ್ ಮೆಕ್ ಬರೆದ ಪುಸ್ತಕ ಈ ವಿಚಾರವನ್ನು ಜನಪ್ರಿಯಗೊಳಿಸಿತು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಅದೇ ಮೆಕ್ 1999ರಲ್ಲಿ, ತೋಳದ ಹಿಂಡೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಸಂಸಾರ, ಪಟ್ಟಕ್ಕಾಗಿ ನಡೆಯುವ ಕುಸ್ತಿ ಅಲ್ಲಿಲ್ಲ ಎಂದು ತೋರಿಸಿದರು. ತೋಳಕ್ಕೇ ಹೊಂದದ ಲೆಕ್ಕವನ್ನು ನಾವು ಇನ್ನೂ ನಾಯಿಗೆ ಹಚ್ಚುತ್ತಿದ್ದೇವೆ. ಜಗಳವಾಡಲು ಬಿಟ್ಟ ನಾಯಿಗಳು ಕಲಿಯುವುದು ಒಂದನ್ನೇ: ಮುಂದಿನ ಸಲ ಮೊದಲೇ ಕಚ್ಚಬೇಕು.

ಹಾಗಾದರೆ ಏಕೆ ಕಚ್ಚಾಡುತ್ತವೆ? ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪಶುವೈದ್ಯರು ಒಂದೇ ಮನೆಯಲ್ಲಿ ಜಗಳವಾಡುವ 38 ಜೋಡಿ ನಾಯಿಗಳನ್ನು ಅಧ್ಯಯನ ಮಾಡಿ 2011ರಲ್ಲಿ ವರದಿ ಪ್ರಕಟಿಸಿದರು. ಸುಮಾರು 79 ಶೇಕಡಾ ಜೋಡಿಗಳು ಒಂದೇ ಲಿಂಗದವು. ಹೆಣ್ಣುನಾಯಿಗಳ ಪಾಲೇ ಹೆಚ್ಚು. ಜಗಳಕ್ಕೆ ಕಿಡಿ ಹಚ್ಚಿದ್ದು ಮುಖ್ಯವಾಗಿ ಊಟ ಮತ್ತು ಮಾಲೀಕರ ಗಮನ. ನಮ್ಮ ಮನೆಗಳಲ್ಲಿ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯನ್ನು ಒಂದೇ ಬೋಗುಣಿಗೆ ಸುರಿದು ಎಲ್ಲ ನಾಯಿಗಳನ್ನೂ ಕರೆಯುತ್ತೇವಲ್ಲ, ಅಲ್ಲೇ ಅರ್ಧ ಜಗಳ ಹುಟ್ಟುತ್ತದೆ. ಬೋಗುಣಿ ಬೇರೆ, ಜಾಗ ಬೇರೆ, ನಡುವೆ ಮುಚ್ಚಿದ ಬಾಗಿಲು: ಇಷ್ಟು ಮಾಡಿದರೇ ಎಷ್ಟೋ ಮನೆಗಳಲ್ಲಿ ಗದ್ದಲ ಇಳಿಯುತ್ತದೆ. ಇದ್ದಕ್ಕಿದ್ದಂತೆ ಸಿಡುಕತೊಡಗಿದ ನಾಯಿಯನ್ನು ಮೊದಲು ಪಶು ಆಸ್ಪತ್ರೆಗೆ ಒಯ್ಯಿರಿ. ಕಿವಿಯ ಹುಣ್ಣು, ಕೀಲುನೋವು ಕೂಡ ಕಚ್ಚಿಸುತ್ತವೆ.

ಇನ್ನು ಕುಕ್ಕೆಯ ವಿಷಯ. ಅದು ಕಚ್ಚುವುದನ್ನು ತಡೆಯುತ್ತದೆ, ಕಚ್ಚಬೇಕೆನಿಸುವುದನ್ನು ಅಲ್ಲ. ನಾಯಿಗಳನ್ನು ಮತ್ತೆ ಹತ್ತಿರ ತರುವ ತರಬೇತಿಯ ಹೊತ್ತಿನಲ್ಲಿ ಅದು ಒಂದು ಕಾವಲು, ಅಷ್ಟೇ.

ಯಾವ ಬಗೆಯದು ಎಂಬುದು ನಮ್ಮ ಕಡೆ ಜೀವದ ಪ್ರಶ್ನೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದು ಮೈ ತಂಪು ಮಾಡಿಕೊಳ್ಳುವ ಮುಖ್ಯ ದಾರಿ. ಬಾಯಿಯನ್ನು ಬಿಗಿಯಾಗಿ ಮುಚ್ಚುವ ಬಟ್ಟೆಯ ಪಟ್ಟಿ ವೈದ್ಯರು ಇಂಜೆಕ್ಷನ್ ಕೊಡುವ ನಾಲ್ಕಾರು ನಿಮಿಷಕ್ಕೆ ಸರಿ. 40 ಡಿಗ್ರಿ ಬಿಸಿಲಿನಲ್ಲಿ ಅದನ್ನೇ ಕಟ್ಟಿ ಬಿಟ್ಟರೆ ನಾಯಿ ಸಾಯಬಹುದು. ಬುಟ್ಟಿಯಾಕಾರದ ಜಾಲರಿ ಮಜಲ್ ತನ್ನಿ. ಅದರೊಳಗೆ ನಾಯಿ ಬಾಯಿ ಪೂರ್ತಿ ತೆರೆಯುವಂತಿರಬೇಕು, ನೀರು ಕುಡಿಯುವಂತಿರಬೇಕು. ಮುಧೋಳ ನಾಯಿಯ ಮೂತಿ ಉದ್ದ, ತಲೆ ಕಿರಿದು. ಸಾಮಾನ್ಯ ಅಳತೆಯದು ಜಾರಿಬಿಡುತ್ತದೆ, ಆದ್ದರಿಂದ ಹಾಕಿ ನೋಡಿಯೇ ಕೊಳ್ಳಿ.

ಹಿಡಿದು ಬಲವಂತವಾಗಿ ತೊಡಿಸಿದರೆ ನಾಯಿ ಖಂಡಿತ ರೊಚ್ಚಿಗೇಳುತ್ತದೆ. ಮೊದಲ ಆಕ್ಷೇಪಣೆಯ ಅರ್ಧ ಸತ್ಯ ಇದೇ. ಬದಲಿಗೆ ಬುಟ್ಟಿಯೊಳಗೆ ಬೇಯಿಸಿದ ಕೋಳಿಯ ಚೂರು ಇಟ್ಟು ಹಿಡಿಯಿರಿ, ನಾಯಿ ತಾನೇ ಮೂತಿ ತೂರಿಸಲಿ. ಕೆಲವು ದಿನ ಪಟ್ಟಿ ಬಿಗಿಯಲೇಬೇಡಿ. ಆಮೇಲೆ ಒಂದು ಕ್ಷಣ, ಹತ್ತು ಕ್ಷಣ, ಒಂದು ನಿಮಿಷ. ಒಂದೆರಡು ವಾರ ಹಿಡಿದರೂ ಅವಸರ ಬೇಡ.

ನಂತರ ಇಬ್ಬರು ಬೇಕು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ನಾಯಿ. ತಂಪು ಹೊತ್ತಿನಲ್ಲಿ, ಬೀದಿನಾಯಿಗಳಿಲ್ಲದ ಬಯಲಿನಲ್ಲಿ, ಸಾಕಷ್ಟು ದೂರ ಬಿಟ್ಟು ಒಂದೇ ದಿಕ್ಕಿಗೆ ನಡೆಸಿ. ಒಂದು ಇನ್ನೊಂದನ್ನು ನೋಡಿಯೂ ಸುಮ್ಮನಿದ್ದರೆ ಕೂಡಲೇ ತಿನಿಸು. ದಿನದಿಂದ ದಿನಕ್ಕೆ ಅಂತರ ಕಡಿಮೆ ಮಾಡಿ. ಮೈ ಸೆಟೆದರೆ, ಎವೆಯಿಕ್ಕದೆ ದಿಟ್ಟಿಸಿದರೆ, ತುಟಿ ಮೇಲೆತ್ತಿದರೆ ಹಿಂದಕ್ಕೆ ಸರಿಯಿರಿ. ಗುರ್ ಎಂದದ್ದಕ್ಕೆ ಹೊಡೆಯಬೇಡಿ; ಹೊಡೆತ ತಿಂದ ನಾಯಿ ಗುರ್ ಎನ್ನುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯಬಹುದು.

ಕುಕ್ಕೆ ಹಾಕಿದ ನಾಯಿಯನ್ನು ಒಂಟಿಯಾಗಿ ಬಿಡಬಾರದು, ರಾತ್ರಿಯಂತೂ ಬೇಡವೇ ಬೇಡ. ಒಂದಕ್ಕೆ ಮಾತ್ರ ಹಾಕಿ ಇನ್ನೊಂದನ್ನು ಬಾಯಿಬಿಟ್ಟು ಬಿಡುವುದೂ ಅನ್ಯಾಯ, ಕಚ್ಚಿಸಿಕೊಳ್ಳುವ ಸರದಿ ಆಗ ಅದರದ್ದಾಗುತ್ತದೆ. ಇಷ್ಟೆಲ್ಲ ಮಾಡಿದರೂ ಕೆಲವು ಜೋಡಿಗಳು ಹೊಂದುವುದಿಲ್ಲ. ಅವನ್ನು ಶಾಶ್ವತವಾಗಿ ಬೇರೆ ಬೇರೆ ಇಡುವುದೇ ಸರಿ.

ಜಗಳ ಶುರುವಾಗಿಬಿಟ್ಟರೆ ನಡುವೆ ಕೈ ಹಾಕಬೇಡಿ. ಬಕೆಟ್ ನೀರು ಸುರಿಯಿರಿ, ದಪ್ಪ ಕೌದಿ ಎಸೆಯಿರಿ, ತಟ್ಟೆ ಬಡಿಯಿರಿ. ನಿಮಗೇ ಹಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಏನೂ ಹಚ್ಚದೆ ಅಂದೇ ಆಸ್ಪತ್ರೆಗೆ ಹೋಗಿ. 'ನಮ್ಮದೇ ನಾಯಿ, ಏನೂ ಆಗಲ್ಲ' ಎಂದು ಕೂರಬೇಡಿ, ರೇಬೀಸ್ ಲಸಿಕೆ ಬೇಕೋ ಬೇಡವೋ ವೈದ್ಯರೇ ಹೇಳಲಿ.