ಗೇರ್‌ಬಾಕ್ಸಿನ ಎಣ್ಣೆ, ಖಾಡಿಯ ನೀರು

ಕಾರಿನ ಗೇರ್‌ಬಾಕ್ಸಿಗೆ ರಸ್ತೆಯ ಗಾಳಿಯಾದರೂ ತಾಗುತ್ತದೆ. ಇನ್‌ಬೋರ್ಡ್ ದೋಣಿಯ ಗೇರ್‌ಬಾಕ್ಸ್ ಇರುವುದು ದೋಣಿಯ ಹೊಟ್ಟೆಯಲ್ಲಿ, ಹಲಗೆಯ ಕೆಳಗೆ, ಬಿಸಿ ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡು. ಎಂಜಿನ್ನಿನ ಶಕ್ತಿಯಲ್ಲಿ ನೂರಕ್ಕೆ ಎರಡು ಮೂರು ಪಾಲು ಅಲ್ಲಿಯೇ ಶಾಖವಾಗುತ್ತದೆ ಎಂದು ಹಿಡಿಯಿರಿ. 100 ಕುದುರೆಶಕ್ತಿಯ ಡೀಸೆಲ್ಲಿಗೆ ಅದು ಸುಮಾರು 2 ಕಿಲೋವ್ಯಾಟ್. ಬಾತ್‌ರೂಮಿನ ಗೀಸರಿನ ಕಾಯಿಲನ್ನು ಎಣ್ಣೆಯೊಳಗೆ ಇಳಿಸಿ ಸ್ವಿಚ್ ಹಾಕಿದ ಹಾಗೆ. ಆ ಶಾಖವನ್ನು ಹೊರಗೆ ಸಾಗಿಸುವುದು ಮೊಳದುದ್ದದ ಒಂದು ಉರುಳೆ, ಗೇರ್ ಆಯಿಲ್ ಕೂಲರ್. ಒಳಗೆ ಸಣ್ಣ ನಳಿಗೆಗಳಲ್ಲಿ ಉಪ್ಪುನೀರು, ನಳಿಗೆಗಳ ಸುತ್ತ ಎಣ್ಣೆ.

ಇದನ್ನೆಲ್ಲ ತಿಳಿದುಕೊಳ್ಳುವ ಪ್ರಸಂಗ ಬಂದದ್ದು ಡೊಂಬಿವಲಿಯ ನಮ್ಮ ಗೆಳೆಯರೊಬ್ಬರ ಹಳೆಯ ಮರದ ಲಾಂಚಿನಿಂದ. ಬೇಲಾಪುರದ ದಿವಾಳೆ ಕೋಳಿವಾಡದ ಹತ್ತಿರ ಅದನ್ನು ಕಟ್ಟುತ್ತಾರೆ. ಕಳೆದ ಬೇಸಿಗೆಯಲ್ಲಿ ವಾಶಿ ಸೇತುವೆಯ ಬಳಿ ಎಂಜಿನ್ ಕೂಗುತ್ತಿದ್ದರೂ ಪ್ರೊಪೆಲ್ಲರ್ ತಿರುಗಲಿಲ್ಲ. ಎಣ್ಣೆ ಕಾದು ತೆಳುವಾಗಿ ಗೇರ್‌ಬಾಕ್ಸಿನ ಕ್ಲಚ್ ಜಾರುತ್ತಿತ್ತು. ಒಳಗೆ ಆರು ಜನ, ಅದರಲ್ಲಿ ಇಬ್ಬರು ಮಕ್ಕಳು, ಇಳಿತದ ನೀರು ದೋಣಿಯನ್ನು ಸೇತುವೆಯ ಕಂಬಗಳತ್ತ ಎಳೆಯುತ್ತಿತ್ತು. ಲಂಗರು ಹಿಡಿಯಿತು, ಕೋಳಿಗಳ ದೋಣಿಯೊಂದು ಹಗ್ಗ ಕಟ್ಟಿ ಎಳೆದು ತಂದಿತು. ಠಾಣೆ ಖಾಡಿಯ ಸೆಳೆತ ನೋಡಿದವರಿಗೆ ಇದು ಎಷ್ಟು ಹತ್ತಿರದ ಪಾರು ಎಂದು ಗೊತ್ತು.

ಜೂನ್, ಜುಲೈ ತಿಂಗಳು ಮೀನುಗಾರಿಕೆ ನಿಷೇಧದ ಕಾಲ; ಮಲ್ಪೆಯಲ್ಲಾಗಲಿ ದಿವಾಳೆಯಲ್ಲಾಗಲಿ ಎಂಜಿನ್ ಬಿಚ್ಚುವ ಕಾಲವೂ ಅದೇ. ಆಗ ಬಿಚ್ಚಿದರು. ಕೂಲರ್ ಇದ್ದದ್ದು ಸೀ-ಕಾಕಿಗೂ ನೀರಿನ ಪಂಪಿಗೂ ನಡುವೆ, ಗೇರ್‌ಬಾಕ್ಸಿನ ಹಿಂದೆ, ಕೈ ಹೋಗದ ಜಾಗದಲ್ಲಿ. ಸ್ಟ್ರೈನರ್ ಇರಲೇ ಇಲ್ಲ. ನಳಿಗೆಗಳ ಬಾಯಿಗೆ ಖಾಡಿಯ ಕಪ್ಪು ಕೆಸರು, ಪ್ಲಾಸ್ಟಿಕ್ ಚೂರು, ಸೀಗಡಿಯ ಮೀಸೆ ಎಲ್ಲ ಸೇರಿ ಬಿರಡೆ ಬಡಿದಿತ್ತು. ಎಂಜಿನ್ನಿನ ಮುಳ್ಳು ಕೂಡ ಕೆಲವು ವಾರಗಳಿಂದ ಮೇಲೇರುತ್ತಿತ್ತಂತೆ, ಥರ್ಮೋಸ್ಟಾಟಿನ ಮೇಲೆ ತಪ್ಪು ಹೊರಿಸಿ ಬಿಟ್ಟಿದ್ದರು.

ಹಳೆಯ ಲಾಂಚುಗಳಲ್ಲಿ ಕೂಲರನ್ನು ಪಂಪಿನ ಹಿಂದೆ, ಅಂದರೆ ಹೀರುವ ಕಡೆ ಇಡುವುದು ಅಪರೂಪವೇನಲ್ಲ. ತಿಳಿನೀರಿನಲ್ಲಿ ನಡೆಯುತ್ತದೆ. ಇಲ್ಲಿ ಬೇಡ ಎಂದವರು ಮಲ್ಪೆ ಕಡೆಯ ಒಬ್ಬ ಮಿಸ್ತ್ರಿ, ಟ್ರಾಲ್ ಬೋಟುಗಳಲ್ಲಿ ಕೆಲಸ ಕಲಿತು ಈಗ ಕೋಪರಖೈರಣೆಯಲ್ಲಿ ಮಗನ ಮನೆಯಲ್ಲಿರುವವರು. ಪಂಪಿನ ಮುಂದೆ, ತಳ್ಳುವ ಕಡೆ ಹೋಸ್ ಸಡಿಲವಾದರೆ ನೀರು ಹೊರಗೆ ಚಿಮ್ಮುತ್ತದೆ. ಹೀರುವ ಕಡೆ ಸಡಿಲವಾದರೆ ಗಾಳಿ ಒಳಗೆ ಸೇರುತ್ತದೆ. ಅವರ ಮಾತಿನಲ್ಲೇ ಹೇಳಿದರೆ, "ನೀರು ಬಂದರೆ ಕಣ್ಣಿಗೆ ಕಾಣ್ತದೆ ಮಾರಾಯ್ರೆ, ಗಾಳಿ ಹೋದರೆ ಯಾರಿಗೆ ಗೊತ್ತಾಗ್ತದೆ?" ಎರರ್ ಕೊಡದೆ ಸುಮ್ಮನೆ ಸಾಯುವ ಪ್ರೋಗ್ರಾಮುಗಳ ಹಿಂದೆ ರಾತ್ರಿಗಳನ್ನು ಕಳೆದ ನನಗೆ ಬೇರೆ ವಾದ ಬೇಕಾಗಲಿಲ್ಲ.

ಹೀಗಾಗಿ ಹೊಸ ಸಾಲು: ಸೀ-ಕಾಕ್, ಕೈಗೆ ಸಿಗುವ ಎತ್ತರದಲ್ಲಿ ಮುಚ್ಚಳವಿರುವ ಸ್ಟ್ರೈನರ್, ಪಂಪು, ಗೇರ್ ಕೂಲರ್, ಆಮೇಲೆ ಎಂಜಿನ್ನಿನ ಹೀಟ್ ಎಕ್ಸ್‌ಚೇಂಜರ್, ಕೊನೆಗೆ ಎಕ್ಸಾಸ್ಟಿನ ಜತೆ ಹೊರಗೆ. ಮೊದಲೇ ಗೇರ್‌ಬಾಕ್ಸಿನ ಬಿಸಿ ಕುಡಿದ ನೀರು ಎಂಜಿನ್ನಿಗೆ ಸಾಕಾದೀತೇ ಎಂದು ಗೆಳೆಯರಿಗೆ ಅನುಮಾನ. ಲೆಕ್ಕ ಹಾಕಿದೆ. ನಿಮಿಷಕ್ಕೆ 40 ಲೀಟರ್ ಹರಿಯುವ ನೀರಿಗೆ 2 ಕಿಲೋವ್ಯಾಟ್ ಶಾಖ ಸೇರಿದರೆ ಏರುವುದು ಒಂದು ಡಿಗ್ರಿಗೂ ಕಡಿಮೆ. ಪಂಪಿನ ಇಂಪೆಲ್ಲರಿನ ರಬ್ಬರ್ ಎಸಳು ಹರಿದರೆ ಅದೂ ಮೊದಲು ಈ ಕೂಲರಿನ ಬಾಯಲ್ಲೇ ಸಿಕ್ಕಿಬೀಳುತ್ತದೆ. ಕೂಲರನ್ನು ಈ ಸಲ ಮುಚ್ಚಳ ತೆಗೆದು ಕಡ್ಡಿ ತೂರಿಸುವಂತೆ ಪಕ್ಕದ ಗೋಡೆಗೆ ಕೂರಿಸಿದ್ದೂ ಅದಕ್ಕೇ. ನೀರಿನ ಮಟ್ಟಕ್ಕಿಂತ ಕೆಳಗಿನ ಪ್ರತಿ ಜೋಡಣೆಗೆ ಎರಡೆರಡು ಸ್ಟೇನ್‌ಲೆಸ್ ಕ್ಲಾಂಪು.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಜಿಐ ನಿಪ್ಪಲ್ ಇಲ್ಲಿ ಕೂಡದು. ಕಂಚು, ತಾಮ್ರದ ಪಕ್ಕ ಉಕ್ಕನ್ನು ಉಪ್ಪುನೀರಿನಲ್ಲಿ ಇಟ್ಟರೆ ಅದು ಬ್ಯಾಟರಿಯೇ, ಉಕ್ಕು ಕರಗುತ್ತಾ ಹೋಗುತ್ತದೆ. ಕೂಲರಿನೊಳಗೆ ಸತುವಿನ ಕಡ್ಡಿ ತಿರುಗಿಸಿ ಕೂರಿಸುವುದು ಇದೇ ಕಾರಣಕ್ಕೆ, ಉಪ್ಪು ತಿನ್ನುವುದಿದ್ದರೆ ಮೊದಲು ಅದನ್ನು ತಿನ್ನಲಿ ಎಂದು. ಅರ್ಧ ಸವೆದಾಗ ಬದಲಿಸಬೇಕು.

ಎಣ್ಣೆಯ ಕಡೆ ನೀರಿನ ಹೋಸ್ ನಡೆಯದು. ರಬಾಳೆ ಎಂಐಡಿಸಿಯಲ್ಲಿ ಎಣ್ಣೆಗೂ ಒತ್ತಡಕ್ಕೂ ತಕ್ಕ ಹೈಡ್ರಾಲಿಕ್ ಹೋಸನ್ನು ಅಳತೆಗೆ ಕತ್ತರಿಸಿ ತುದಿ ಕ್ರಿಂಪ್ ಮಾಡಿಸಿದರು. ಎಣ್ಣೆಯ ಜೋಡಣೆಗೆ ಟೆಫ್ಲಾನ್ ಟೇಪನ್ನು ಮಿಸ್ತ್ರಿ ಮುಟ್ಟಗೊಡಲಿಲ್ಲ. ಅದರ ಎಳೆ ಒಳಗೆ ಸೇರಿ ವಾಲ್ವಿಗೆ ಸಿಕ್ಕರೆ ಮತ್ತೆ ಗೇರ್‌ಬಾಕ್ಸ್ ಬಿಚ್ಚಬೇಕು. ಹಳೆಯ ಕೂಲರನ್ನು ತೊಳೆದು ಬಳಸುವ ಯೋಚನೆ ಇತ್ತು, ಆದರೆ ಸವೆದ ಕ್ಲಚ್ಚಿನ ಪುಡಿ ಎಣ್ಣೆಯ ಭಾಗದಲ್ಲಿ ಕೂತಿತ್ತು. ಬಕೆಟ್ ನೀರಿನಲ್ಲಿ ಮುಳುಗಿಸಿ ಹಗುರವಾಗಿ ಗಾಳಿ ಬಿಟ್ಟಾಗ ಒಂದು ನಳಿಗೆಯಿಂದ ಗುಳ್ಳೆಯೂ ಬಂತು. ಹೊಸದೇ ಬಂತು.

ಆ ಗುಳ್ಳೆಯ ಅರ್ಥವನ್ನು ಲಾಂಚ್ ಇಟ್ಟವರೆಲ್ಲ ತಿಳಿದಿರುವುದು ಒಳ್ಳೆಯದು. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ಹೆಚ್ಚು, ತೂತಿನಿಂದ ಎಣ್ಣೆಯೇ ನೀರಿಗೆ ಹೋಗುತ್ತದೆ. ಹಿಂದೆ ನೀರಿನ ಮೇಲೆ ಬಣ್ಣದ ಪದರ ಕಾಣಬಹುದು. ಎಂಜಿನ್ ನಿಂತ ಮೇಲೆ ಉಪ್ಪುನೀರು ಎಣ್ಣೆಗೆ ಇಳಿಯುತ್ತದೆ. ಬೋರ್ಗ್ ವಾರ್ನರ್ ವೆಲ್ವೆಟ್ ಡ್ರೈವಿನಂಥ ಹಳೆಯ ಗೇರ್‌ಬಾಕ್ಸುಗಳಲ್ಲಿ ಹಾಕುವ ಕೆಂಪು ಎಟಿಎಫ್ ಆಗ ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣಕ್ಕೆ ತಿರುಗುತ್ತದೆ. ಡಿಪ್‌ಸ್ಟಿಕ್ಕನ್ನು ಹೊರಡುವ ಮುನ್ನ, ಎಂಜಿನ್ ತಣ್ಣಗಿರುವಾಗಲೂ ಒಮ್ಮೆ ಎತ್ತಿ ನೋಡಬೇಕು ಎನ್ನುವುದು ಅದಕ್ಕೆ.

ಆಗಸ್ಟಿನಲ್ಲಿ ಭರತದ ನೀರು ನೋಡಿಕೊಂಡು ವಾಶಿ ಸೇತುವೆಯವರೆಗೆ ಹೋಗಿ ಬಂದೆವು, ಮಿಸ್ತ್ರಿಯೂ ಬಂದಿದ್ದರು. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ ಕೂಲರಿಗೆ ಹೋಗುವ ಎಣ್ಣೆಯ ಜೋಡಣೆ 71 ಡಿಗ್ರಿ, ಹೊರಬರುವಲ್ಲಿ 58. ಮಿಸ್ತ್ರಿ ಎರಡೂ ಹೋಸುಗಳ ಮೇಲೆ ಅಂಗೈ ಇಟ್ಟು ನೋಡಿ, ವ್ಯತ್ಯಾಸ ಇದೆ ಎಂದು ತಲೆಯಾಡಿಸಿದರು. ದಿವಾಳೆಗೆ ಮರಳಿ ಸ್ಟ್ರೈನರ್ ಮುಚ್ಚಳ ತೆಗೆದರೆ ಒಳಗೆ ಒಂದು ಗುಟ್ಕಾ ಪೊಟ್ಟಣ, ಒಂದಿಷ್ಟು ಕೆಸರು.