ನಿಮಗಿದು ಗೊತ್ತೇ? ಗುಂಡು ಎಷ್ಟು ಆಳಕ್ಕೆ ಕೂತಿದೆ?

ದಸರಾ ಹತ್ತಿರವಾದಂತೆ ಮೈಸೂರಿನ ವಸ್ತುಪ್ರದರ್ಶನ ಮೈದಾನದ ಕಡೆಯಿಂದ ‘ಢಂ’ ಎಂಬ ಸದ್ದು ಕೇಳಿದರೆ ಊರವರು ಬೆಚ್ಚುವುದಿಲ್ಲ. ಜಂಬೂಸವಾರಿಯ ದಿನ ಆನೆ, ಕುದುರೆಗಳು ಬೆಚ್ಚಬಾರದೆಂದೇ ಆ ತಾಲೀಮು. ಸದ್ದಿನ ವಿಷಯ ಹಾಗಿರಲಿ. ಮದ್ದು, ಗುಂಡು, ಇವೆರಡರ ನಡುವಿನ ಜಾಗ, ಈ ಸಲ ಇದೇ ನಮ್ಮ ಲೆಕ್ಕ.

● ಚಿನ್ನದ ಅಂಬಾರಿಯಲ್ಲಿರುವ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಗುವಾಗ ಹಾರಿಸುವ ಕುಶಾಲತೋಪು 21 ಸುತ್ತು. ಬಳಸುವ ಪಿರಂಗಿ 7. ರಾಷ್ಟ್ರಗೀತೆಯ ಅವಧಿ 52 ಸೆಕೆಂಡು. ಅಷ್ಟರಲ್ಲಿ ಎಲ್ಲ ಮುಗಿಯಬೇಕೆಂದರೆ ಎರಡೂವರೆ ಸೆಕೆಂಡಿಗೊಂದು ತೋಪು. ಹಾರಿಸುವವರು ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು.

● ಈ ತೋಪಿನಲ್ಲಿ ಗುಂಡೇ ಇರುವುದಿಲ್ಲ, ಬರೀ ಮದ್ದು. ಹಾಗಿದ್ದರೂ ಅಪಾಯವೇನೂ ಕಡಿಮೆಯಲ್ಲ. ಒಂದು ಸುತ್ತು ಹಾರಿದ ಮೇಲೆ ನಳಿಗೆಯೊಳಗೆ ಕಿಡಿ ಉಳಿದಿದ್ದರೆ ಮುಂದಿನ ಮದ್ದು ತುಂಬುವವರ ಕೈಯಲ್ಲೇ ಸಿಡಿಯುತ್ತದೆ. ಅದಕ್ಕೇ ಪ್ರತಿ ಸಲವೂ ತುದಿಗೆ ಒದ್ದೆ ಬಟ್ಟೆ ಸುತ್ತಿದ ಉದ್ದನೆಯ ಕೋಲನ್ನು ಒಳಗೆ ತಿರುಗಿಸಿ ತೆಗೆಯುತ್ತಾರೆ. ತಾಲೀಮು ಆನೆಗಳಿಗಿಂತ ಹೆಚ್ಚಾಗಿ ಈ ಸಿಬ್ಬಂದಿಗೆ ಬೇಕು ಎನ್ನುವುದು ನನ್ನ ಅಭಿಪ್ರಾಯ.

● ಮಲೆನಾಡು, ಕೊಡಗಿನ ಹಳೆಯ ಮನೆಗಳಲ್ಲಿದ್ದ ಕೇಪಿನ ಕೋವಿಗೆ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದಲೇ ತುಂಬಬೇಕು. ಗಜವೆಂಬ ಸರಳಿನಿಂದ ಜಡಿದು ಗುಂಡನ್ನು ಮದ್ದಿನ ಮೇಲೆ ಕೂರಿಸಬೇಕು. ಕೂತಿತೋ ಇಲ್ಲವೋ ಎಂದು ಒಳಗೆ ಇಣುಕಿ ನೋಡುವ ಹಾಗಿಲ್ಲವಲ್ಲ! ಇದಕ್ಕೆ ಬಲು ಸುಲಭದ ಉಪಾಯವಿದೆ. ಬರಿದಾದ ನಳಿಗೆಗೆ ಗಜ ಇಳಿಸಿ, ಬಾಯಂಚಿಗೆ ಸರಿಯಾಗಿ ಅದರ ಮೇಲೊಂದು ಗೀಟು ಹಾಕುವುದು. ಈಡು ತುಂಬಿದಾಗ ಗಜ ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಇನ್ನೊಂದು ಗೀಟು. ಕೋವಿ ತುಂಬಿದೆಯೇ ಖಾಲಿಯೇ ಎಂಬುದನ್ನು ಮೊದಲ ಗೀಟು ಹೇಳುತ್ತದೆ, ಗುಂಡು ತಳಕ್ಕೆ ಹೋಗಿದೆಯೇ ಎಂಬುದನ್ನು ಎರಡನೆಯದು.

● ಗುಂಡು ನಳಿಗೆಯ ಅರ್ಧದಲ್ಲೇ ನಿಂತರೆ? ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಜಾಗ ಹೆಚ್ಚಿದ್ದರೆ ಒತ್ತಡ ಕಡಿಮೆಯಲ್ಲವೇ ಎಂದು ಅನ್ನಿಸಬಹುದು. ಆಗುವುದು ಉಲ್ಟಾ. ಮದ್ದಿನ ಅನಿಲ ಆ ಖಾಲಿಯಲ್ಲಿ ವೇಗ ಪಡೆದು, ಕದಲದೆ ನಿಂತ ಗುಂಡಿಗೆ ಅಪ್ಪಳಿಸುತ್ತದೆ. ನಳಿಗೆ ಅಲ್ಲೇ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ.

● ತೋಟಾ ಬಂದ ಮೇಲೆ ಲೆಕ್ಕ ಬದಲಾಯಿತು. ಹಿತ್ತಾಳೆಯ ಕೊಳವೆಯ ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಿಗೆ ಕಚ್ಚಿಕೊಂಡ ಗುಂಡು. ಇಲ್ಲಿ ಗುಂಡು ಅತಿ ಆಳಕ್ಕೆ ಕೂತರೆ ಮದ್ದು ಉರಿಯುವ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಪಿಸ್ತೂಲಿನ ಗಿಡ್ಡ ತೋಟಾಗಳಲ್ಲಂತೂ ಒಂದು ಮಿಲಿಮೀಟರ್‌ಗೂ ಕಡಿಮೆ ವ್ಯತ್ಯಾಸಕ್ಕೆ ಒತ್ತಡ ವಿಪರೀತ ಏರಬಲ್ಲದು.

● ಅತಿ ಮೇಲಕ್ಕೆ ಕೂತರೂ ತಪ್ಪೇ. ರೈಫಲ್ ನಳಿಗೆಯೊಳಗೆ ಸುರುಳಿಯಾಕಾರದ ಗೆರೆಗಳಿರುತ್ತವೆ. ಗುಂಡು ಅವುಗಳಿಗೆ ಮೊದಲೇ ಒತ್ತಿಕೊಂಡಿದ್ದರೆ ಓಡಲು ಒಂದು ಕೂದಲೆಳೆಯಷ್ಟೂ ಜಾಗವಿಲ್ಲ, ಆಗಲೂ ಒತ್ತಡ ಏರುತ್ತದೆ. ಕುದುರೆ ಒತ್ತದೆ ತೋಟಾವನ್ನು ಹೊರತೆಗೆಯಲು ಹೋದರೆ ಗುಂಡು ನಳಿಗೆಯಲ್ಲೇ ಕಚ್ಚಿಕೊಂಡು, ಮದ್ದೆಲ್ಲ ಕೋವಿಯೊಳಗೆ ಸುರಿದುಹೋದ ಪ್ರಸಂಗಗಳೂ ಉಂಟು. ಅಮೆರಿಕ, ಯುರೋಪಿನಲ್ಲಿ ಕಾನೂನಿನ ಚೌಕಟ್ಟಿನಲ್ಲಿ ತಮ್ಮ ತೋಟಾ ತಾವೇ ತಯಾರಿಸಿಕೊಳ್ಳುವ ಗುರಿಕಾರರು ತಲೆ ಕೆಡಿಸಿಕೊಳ್ಳುವುದು ಈ ಅಂತರದ ಮೇಲೆಯೇ. ಅವರ ಮಾನ ಇಂಚಿನ ಸಾವಿರದ ಒಂದು ಭಾಗ, ಅಂದರೆ 0.0254 ಮಿ.ಮೀ.

● ಅಷ್ಟು ಸೂಕ್ಷ್ಮವನ್ನು ಅಳೆಯುವುದು ಯಾವುದರಲ್ಲಿ? ನಮ್ಮ ಪಿಯುಸಿ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್‌ನದೇ ಇನ್ನಷ್ಟು ಸೂಕ್ಷ್ಮ ಮಾದರಿಯಲ್ಲಿ. ಫ್ರಾನ್ಸಿನ ಪಿಯರ್ ವರ್ನಿಯರ್ 1631ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯ ಜಾಣ್ಮೆ ಅದು. ಈಗ ಅಂಕಿ ತೋರಿಸುವ ಡಿಜಿಟಲ್ ಮಾದರಿ ಬಂದಿದೆ, ಅಷ್ಟೇ.

● ಆದರೆ ತೋಟಾದ ತಳದಿಂದ ಗುಂಡಿನ ಮೂತಿಯವರೆಗೆ ಅಳೆದರೆ ಸಿಗುವ ಅಂಕಿ ಪೂರ್ತಿ ನಂಬಿಕೆಗೆ ತಕ್ಕದ್ದಲ್ಲ. ಮೂತಿ ಒಂದರಂತೆ ಇನ್ನೊಂದಿರುವುದಿಲ್ಲ; ಸೀಸದ ಮೂತಿಯಾದರೆ ಪೆಟ್ಟಿಗೆಯಲ್ಲಿ ಉರುಳಾಡಿಯೇ ಚಪ್ಪಟೆಯಾಗಿರುತ್ತದೆ. ನಳಿಗೆಯ ಗೆರೆಗಳಿಗೆ ಮೊದಲು ತಾಗುವುದೂ ಮೂತಿಯಲ್ಲ, ಅದರ ಹಿಂದೆ ಗುಂಡು ದಪ್ಪವಾಗುವ ಇಳಿಜಾರು. ಬಲ್ಲವರು ಕ್ಯಾಲಿಪರ್‌ನ ದವಡೆಗೆ ತೂತಿರುವ ಒಂದು ಬಿಲ್ಲೆ ಸಿಕ್ಕಿಸಿ, ಆ ಇಳಿಜಾರಿನವರೆಗೆ ಅಳೆಯುತ್ತಾರೆ.

● ಸರಿ, ಗೆರೆಗಳು ಶುರುವಾಗುವ ಜಾಗವನ್ನು ಕಂಡುಹಿಡಿಯುವುದು ಹೇಗೆ? ಉತ್ತರ ಆಗಲೇ ಬಂದುಹೋಗಿದೆ: ಗಜ ಮತ್ತು ಎರಡು ಗೀಟು! ಖಾಲಿ ರೈಫಲ್‌ನ ಹಿಂಬದಿ ಮುಚ್ಚಿ, ಬಾಯಿಂದ ಸರಳು ಇಳಿಸಿ ಒಂದು ಗೀಟು. ಆಮೇಲೆ ಬರೀ ಗುಂಡೊಂದನ್ನು ಹಿಂದಿನಿಂದ ಗೆರೆಗಳಿಗೆ ತಾಗುವಷ್ಟು ಒತ್ತಿ ಹಿಡಿದು, ಸರಳು ಅದರ ಮೂತಿಗೆ ಮುಟ್ಟಿದಾಗ ಇನ್ನೊಂದು. ಎರಡರ ನಡುವಿನ ದೂರವೇ ಆ ಗುಂಡಿಗೆ, ಆ ಕೋವಿಗೆ ಮೇಲ್ಮಿತಿ. ದುಬಾರಿ ಉಪಕರಣಗಳೂ ಇವೆ. ಕೆಲಸ ಮಾತ್ರ ಕೇಪಿನ ಕೋವಿಯ ಕಾಲದ್ದೇ.

● ಇನ್ನೊಂದು ಹಳೆಯ ಉಪಾಯ ಬೇಕೆ? ಗುಂಡಿಗೆ ದೀಪದ ಮಸಿ ಹಿಡಿಸಿ ಕೂರಿಸಿ ತೆಗೆದರೆ, ಗೆರೆ ತಾಗಿದ ಕಡೆ ಮಸಿ ಅಳಿಸಿರುತ್ತದೆ.

● ಗುಂಡಿನ ತೂಕ ಅಳೆಯುವುದು ಗ್ರೇನ್‌ಗಳಲ್ಲಿ. ಒಂದು ಗ್ರೇನ್ ಸುಮಾರು 64.8 ಮಿಲಿಗ್ರಾಂ. ರೈಫಲ್‌ಗಳಲ್ಲಿ ತೀರಾ ಸಾಮಾನ್ಯವಾದ 180 ಗ್ರೇನಿನ ಗುಂಡನ್ನು ಅಕ್ಕಸಾಲಿಗರ ತಕ್ಕಡಿಗೆ ಹಾಕಿದರೆ ಎಷ್ಟು ತೂಗುತ್ತದೆ ಗೊತ್ತೇ? ಸರಿಯಾಗಿ ಒಂದು ತೊಲ! 1833ರಲ್ಲಿ ಬ್ರಿಟಿಷರು ತೊಲವನ್ನು 180 ಗ್ರೇನ್ ಎಂದೇ ಗೊತ್ತುಮಾಡಿದ್ದರು. ಹಳೆಯ ಬೆಳ್ಳಿ ರೂಪಾಯಿಯ ತೂಕವೂ ಅದೇ.

● ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ .303 ರೈಫಲ್‌ನ ತೋಟಾದ ಗರಿಷ್ಠ ಉದ್ದ 78.1 ಮಿ.ಮೀ. ಹಾರುವ ಗಳಿಗೆಯಲ್ಲಿ ಅದರೊಳಗಿನ ಒತ್ತಡ ನಮ್ಮ ಸುತ್ತಲ ಗಾಳಿಯ ಒತ್ತಡದ 3,000 ಪಟ್ಟಿನ ಆಸುಪಾಸು.

● ಎಲ್ಲ ತೋಟಾವನ್ನೂ ಮತ್ತೆ ತುಂಬಲಾಗದು. ಕ್ರೀಡಾ ಶೂಟಿಂಗ್‌ನ .22ರಲ್ಲಿ ಸಿಡಿಯುವ ರಾಸಾಯನಿಕ ತಳದ ಅಂಚಿನ ಒಳಗೇ ಇರುತ್ತದೆ, ಹಾರಿದರೆ ಮುಗಿಯಿತು. ಅಲ್ಲಿ ಗುಂಡನ್ನು ಹೊಂದಿಸುವ ಬದಲು, ಯಾವ ಬ್ಯಾಚಿನ ತೋಟಾ ತಮ್ಮ ರೈಫಲ್‌ಗೆ ಒಗ್ಗುತ್ತದೆಂದು ಹಾರಿಸಿ ನೋಡಿ ಕೊಳ್ಳುತ್ತಾರೆ. ಏಕೆಂದರೆ 50 ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿ.ಮೀ. ಮಾತ್ರ. 10 ಮೀಟರ್ ಏರ್ ರೈಫಲ್‌ನಲ್ಲಿ ಅದು ಅರ್ಧ ಮಿಲಿಮೀಟರಿನ ಚುಕ್ಕಿ.

● ಮೈಸೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೊರಟರೆ ಶ್ರೀರಂಗಪಟ್ಟಣದಲ್ಲಿ ನೀವು ದಾಟುವ ಜೋಡಿ ಹಳಿಗಾಗಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಜಾಗ ಬಿಟ್ಟುಕೊಟ್ಟಿದೆ. ಒಡೆಯಲಿಲ್ಲ, ಸುಮಾರು ಸಾವಿರ ಟನ್ನಿನ ಇಡೀ ಕಟ್ಟಡವನ್ನು 2017ರಲ್ಲಿ ಹಾಗೇ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು.

● ಒತ್ತಡದ ಮರ್ಮವನ್ನು ನಮ್ಮ ಸೀಮೆಯವರು ಚೆನ್ನಾಗಿಯೇ ಬಲ್ಲವರಾಗಿದ್ದರು. ಮೈಸೂರು ರಾಕೆಟ್ಟಿನ ಹೆಚ್ಚುಗಾರಿಕೆ ಇದ್ದದ್ದು ಅದರ ಕಬ್ಬಿಣದ ಕೊಳವೆಯಲ್ಲಿ: ಕಾಗದದ ಕೊಳವೆ ತಾಳದ ಒತ್ತಡವನ್ನು ಅದು ತಾಳುತ್ತಿತ್ತು, ಆದ್ದರಿಂದ ಮದ್ದನ್ನು ಇನ್ನಷ್ಟು ಬಿಗಿಯಾಗಿ ತುಂಬಬಹುದಿತ್ತು. ಲಂಡನ್ನಿನ ವೂಲ್ವಿಚ್ ಸಂಗ್ರಹದಲ್ಲಿ ಉಳಿದವುಗಳ ಅಳತೆಯನ್ನು ವಿಜ್ಞಾನಿ ರೊದ್ದಂ ನರಸಿಂಹ 1985ರ ತಮ್ಮ ಪ್ರಬಂಧದಲ್ಲಿ ಕೊಟ್ಟಿದ್ದಾರೆ. ಒಂದರ ಕೊಳವೆ 58 ಮಿ.ಮೀ. ದಪ್ಪ, 254 ಮಿ.ಮೀ. ಉದ್ದ, ಬಾಲಕ್ಕೆ ಒಂದು ಮೀಟರಿನ ಕತ್ತಿ! 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಇಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು.

● ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ. 2029ರವರೆಗೆ ಅದು ವಿಸ್ತರಣೆಯಾಗಿದೆ. ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ.

● ಕೊನೆಗೊಂದು ಮಾತು. ಶಿಕಾರಿಯ ಕಾಲ ಕಂಡ ಮೈಸೂರು ಸೀಮೆಯ ಮನೆಗಳಲ್ಲಿ ಅಜ್ಜನ ಟ್ರಂಕು ಗುಡಿಸುವಾಗ ಹಸಿರು ಕಿಲುಬು ಹಿಡಿದ ತೋಟಾ ಸಿಕ್ಕರೆ ಆಶ್ಚರ್ಯವಿಲ್ಲ. ಹಳೆಯದಾದ ಮಾತ್ರಕ್ಕೆ ಮದ್ದು ಸತ್ತಿರುತ್ತದೆ ಎಂದುಕೊಳ್ಳಬೇಡಿ. ಬಿಚ್ಚಬೇಡಿ, ಕುಟ್ಟಬೇಡಿ, ಬೆಂಕಿಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಇದ್ದಲ್ಲೇ ಬಿಟ್ಟು ಹತ್ತಿರದ ಪೊಲೀಸ್ ಠಾಣೆಗೆ ಅಥವಾ 112ಕ್ಕೆ ತಿಳಿಸಿ.