‘ಕುಡಿಯುತ್ತೀರಾ?’ ಎಂದು ಕೇಳಬೇಡಿ

ಫಾರಂ ಹಿಡಿದು ಕೇಳಿದರೆ ಸಿದ್ದಾಪುರ ಸುತ್ತಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಯಾರೂ ಕುಡಿಯುವುದಿಲ್ಲ. ಮನೆಮನೆ ಸರ್ವೆ ಮಾಡುವ ಅಂಗನವಾಡಿ ಟೀಚರ್ ನಾನು. ಬಟವಾಡೆಯ ಮರುದಿನ ಯಾವ ಮಗು ತಲೆ ಬಾಚದೆ ಬಂದು, ಬಾಗಿಲು ತೆಗೆಯುವ ಮೊದಲೇ ಮೊಟ್ಟೆ ಕೇಳುತ್ತದೆಂದು ನನಗೆ ಗೊತ್ತು.

ಏಮ್ಸ್ 2019ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವ ಹೆಂಗಸರು ಶೇ. 1.6. ದೇಶದ ಸರಾಸರಿ ಇರಬಹುದು. ನಮ್ಮ ಲೈನುಗಳಲ್ಲಿ ಇದನ್ನು ಓದಿ ಹೇಳಿದರೆ ನಗುತ್ತಾರೆ.

ಕಾಫಿ ಕುಯ್ಲಿನ ಕಾಲದಲ್ಲಿ ಒಬ್ಬ ತಾಯಿ ಜಗುಲಿಯಲ್ಲಿ ಕೂತು ಮಗಳ ಹೇನು ತೆಗೆಯುತ್ತಾ ತಾನಾಗಿ ಹೇಳಿದಳು: “ಇವರು ತಂದದ್ದರಲ್ಲಿ ನನಗೂ ಬೇಕು ಟೀಚರೇ. ಇಲ್ಲದಿದ್ರೆ ಮೈಕೈ ನೋವು, ನಿದ್ದೆ ಬರಲ್ಲ. ಎಲ್ಲೂ ಬರೀಬೇಡಿ. ಮಗೂನ ಹಾಸ್ಟೆಲಿಗೆ ಎಳ್ಕೊಂಡು ಹೋಗ್ತಾರೆ. ರೈಟರಿಗೆ ಗೊತ್ತಾದ್ರೆ ಮನೆ ಖಾಲಿ.” ರೈಟರ್ ಎಂದರೆ ತೋಟದ ಲೆಕ್ಕ ಬರೆಯುವವರು. ಮನೆ ತೋಟದ್ದು, ಕೆಲಸ ಹೋದರೆ ಸೂರೂ ಹೋಗುತ್ತದೆ. ಅವಳ ಬಾಯಿ ಕಟ್ಟಿದ್ದು ನಾಚಿಕೆಗಿಂತ ಈ ಲೆಕ್ಕಾಚಾರ.

ಇಂಥ ಮಾತು ಹೊರಬರುವ ತನಕ ಕೂತು ಕೇಳುವ ಸಂಶೋಧಕರೂ ಇದ್ದಾರೆ. ಇಂಗ್ಲೆಂಡಿನ ಜಿಮ್ ಆರ್ಫರ್ಡ್ ಮತ್ತು ಸಂಗಡಿಗರು ತಮ್ಮ ದೇಶ, ಮೆಕ್ಸಿಕೊ ನಗರ, ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಕುಡುಕರ, ಡ್ರಗ್ಸ್ ಹಿಡಿದವರ ಮನೆಯವರನ್ನು ಮಾತಾಡಿಸಿ 2005ರಲ್ಲಿ ಪುಸ್ತಕ ತಂದರು. ಮನೆಯವರು ಎಲ್ಲೆಡೆ ಮಾಡುವುದು ಮೂರೇ: ಸಹಿಸುತ್ತಾರೆ, ಎದುರು ನಿಲ್ಲುತ್ತಾರೆ, ದೂರ ಸರಿಯುತ್ತಾರೆ. ಅಪ್ಪ ಅಮ್ಮ ಇಬ್ಬರೂ ಕುಡಿಯುವಲ್ಲಿ ಈ ಮೂರೂ ಅಜ್ಜಿಯ ಪಾಲಿಗೆ ಬೀಳುತ್ತವೆ. ಒಂದೇ ಕೋಣೆಯ ಲೈನ್ ಮನೆಯಲ್ಲಿ ಆಕೆ ದೂರ ಸರಿಯುವುದಾದರೂ ಎಲ್ಲಿಗೆ?

ಧರ್ಮಸ್ಥಳದ ಮದ್ಯವರ್ಜನ ಶಿಬಿರ ಎಂಟು ದಿನ ನಡೆಯುತ್ತದೆ. ಆಮೇಲೂ ಕುಡಿತ ಬಿಟ್ಟವರನ್ನು ನವಜೀವನ ಸಮಿತಿ ಜೊತೆಗಿಟ್ಟುಕೊಳ್ಳುತ್ತದೆ. ಒಳ್ಳೆಯ ಏರ್ಪಾಡು. ಆದರೆ ದಿನಗೂಲಿಯ ತಾಯಿ ಎಂಟು ದಿನದ ಸಂಬಳ ಬಿಟ್ಟು, ಮಗುವನ್ನು ಯಾರ ಕೈಗೆ ಕೊಟ್ಟು ಹೋಗಬೇಕು? ಮಗು ನೋಡಿಕೊಳ್ಳುವವರು ಸಿಗದೆ ತಾಯಿಗೆ ಚಿಕಿತ್ಸೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಗುವನ್ನು ಹಾಸ್ಟೆಲಿಗೆ ಒಯ್ಯುತ್ತಾರೆಂಬ ಭಯವನ್ನೂ ಮೊದಲು ಕಳೆಯಬೇಕು. 2015ರ ಬಾಲನ್ಯಾಯ ಕಾಯ್ದೆಯೂ ಮಗುವಿಗೆ ಮೊದಲು ಮನೆ, ಸಂಸ್ಥೆ ಏನಿದ್ದರೂ ಕೊನೆಯ ದಾರಿ ಎನ್ನುತ್ತದೆ. ನಾನೀಗ ಮಾತು ಶುರುಮಾಡುವುದೇ ಅಲ್ಲಿಂದ. ಜಗುಲಿಯ ಆ ತಾಯಿಗೂ ಅದನ್ನೇ ಹೇಳಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು ಎಂದೆ.

“ತೋಟದ ಹೆಸರು ಕೇಳ್ತಾರಾ?”

“ಹೇಳಬೇಡ. ನನ್ನ ಫೋನಿಂದ ಮಾಡು.”

ಸಿಗ್ನಲ್ ಸಿಗುವುದು ರೈಟರ ಮನೆ ಹತ್ತಿರ. ಅಲ್ಲಿಗೆ ಬರಲು ಅವಳು ಸುತರಾಂ ಒಪ್ಪಲಿಲ್ಲ. ಕೊನೆಗೆ ಮಗಳನ್ನು ಸಹಾಯಕಿಯ ಬಳಿ ಬಿಟ್ಟು ಅಂಗನವಾಡಿ ಹಿಂದಿನ ದಿಬ್ಬ ಹತ್ತಿದೆವು.